ಎರೆ ಹೊಲದ ಹಾದಿಗೆ ಪಿಕಪ್ ಇಳಿಸ್ತೀರಾ? ಸಲಿಕೆ ಮೊದಲು, ಹಗ್ಗ ಕೊನೆಗೆ

ಈ ವಾರ ಜೀವಾಮೃತ, ಬೇವಿನ ಕಷಾಯ, ಎಲೆ ಮುಟುರು ರೋಗ ಯಾವುದೂ ಇಲ್ಲ. ಗಾಡಿ ಬಗ್ಗೆ ಬರೀತಿದ್ದೀನಿ. ತೋಟಗಾರಿಕೆ ಓದಿದವನಿಗೆ ಗಾಡಿ ಉಸಾಬರಿ ಯಾಕೆ ಅಂತ ಕೇಳಬೇಡಿ. ಸಾವಯವ ಇರಲಿ, ರಾಸಾಯನಿಕ ಇರಲಿ, ಬೆಳೆದ ಮಾಲು ಹೊಲದಿಂದ ಡಾಂಬರು ರಸ್ತೆ ಮುಟ್ಟಿದರೆ ಮಾತ್ರ ದುಡ್ಡು.

ಆಫ್‌ರೋಡಿಂಗ್ ಅಂದ ಕೂಡಲೇ ಫೋನಿನಲ್ಲಿ ಬರುವುದು ಗುಡ್ಡ ಹತ್ತುವ ಜೀಪು, ಕೆಸರು ಚಿಮ್ಮಿಸುವ ಥಾರ್, ಮುಂದೆ ವಿಂಚು, ಮೇಲೆ ಸಾಲಾಗಿ ಲೈಟು. ನೋಡಲಿಕ್ಕೆ ಚಂದ. ಆದರೆ ಹಾವೇರಿ ಜಿಲ್ಲೆಯಲ್ಲಿ ದಿನಾ ಆಫ್‌ರೋಡ್ ಓಡುವ ಗಾಡಿಗಳು ಬೇರೆ. ಟಾಟಾ ಏಸ್, ಬೊಲೆರೊ ಪಿಕಪ್, ದೋಸ್ತ್. ಡಾಂಬರು ಮುಗಿದ ಜಾಗದಿಂದ ಕಣದವರೆಗಿನ ಒಂದೆರಡು ಕಿಲೋಮೀಟರ್ ಬಂಡಿ ದಾರಿಯಲ್ಲಿ, ಹಿಂದೆ ಮೂರು ಆಳೆತ್ತರ ಮೆಣಸಿನಕಾಯಿ ಚೀಲ ಹೇರಿಕೊಂಡು, ಎರಡೇ ಗಾಲಿಗೆ ಶಕ್ತಿ ಇರುವ ಗಾಡಿಯನ್ನು ಹಳ್ಳ ದಾಟಿಸುವ ನಮ್ಮ ಹುಡುಗರ ರೀಲ್ಸ್ ಯಾರೂ ಮಾಡುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಹೆಸರಿನ ಕೆಲಸಗಳು ರಾಜ್ಯದಲ್ಲಿ ನಡೆದಿವೆ, ಕೆಲವು ಊರಿಗೆ ಅದರಿಂದ ಒಳ್ಳೆಯದೇ ಆಗಿದೆ. ಆದರೂ ಕೊನೆಯ ನಾಲ್ಕು ಹೊಲ ದಾಟುವುದು ಇವತ್ತಿಗೂ ರಾಡಿಯಲ್ಲೇ.

ಈ ಗಾಡಿಗಳ ಕ್ಯಾಬಿನ್ ತೆಗೆದು ನೋಡಿ. ದೊಡ್ಡ ಸ್ಪೀಕರ್ ಇರುತ್ತದೆ, ಬಣ್ಣದ ಲೈಟು, ದೇವರ ಫೋಟೊ ಇರುತ್ತದೆ. ಸೀಟಿನ ಹಿಂದೆ ಒಂದು ಹಗ್ಗವೋ ಸರಪಳಿಯೋ ಇರುತ್ತದೆ. ಅಷ್ಟೇ. ಗಾಲಿ ಹುಗಿಯಿತು ಅಂದರೆ ಮೊದಲ ಕೆಲಸ ಫೋನ್: “ಕಾಕಾ, ಗಾಡಿ ಸಿಕ್ಕೊಂಡೈತಿ, ಟ್ರ್ಯಾಕ್ಟರ್ ತಗೊಂಡ್ ಲಗೂನ ಬಾ.” ನನ್ನ ತಕರಾರು ಇರುವುದು ಈ ರೂಢಿಯ ಮೇಲೆ. ಹೊಲದ ಹಾದಿಯ ಗಾಡಿಯಲ್ಲಿ ಇರಬೇಕಾದ ಸಾಮಾನುಗಳಲ್ಲಿ ಹಗ್ಗ ಕೊನೆಯದು. ಅದು ಕೈಗೆ ಬರುವ ಮೊದಲು ನಾಲ್ಕು ಸಾಮಾನು ಕೆಲಸ ಮಾಡಿರಬೇಕು. ಅವು ಇಲ್ಲದ ಗಾಡಿಯಲ್ಲಿ ಬರೀ ಹಗ್ಗ ಇದ್ದರೆ ಅಪಾಯ ಕಡಿಮೆ ಆಗುವುದಿಲ್ಲ, ಹೆಚ್ಚಾಗುತ್ತದೆ.

ಮಣ್ಣು ಗೊತ್ತಿರಲಿ

ಮಸಾರಿ ಹೊಲದಲ್ಲಿ ಮಳೆ ನಿಂತು ಅರ್ಧ ದಿನ ಬಿಸಿಲು ಬಿದ್ದರೆ ಗಾಡಿ ಹೋಗುತ್ತದೆ. ಎರೆ ಹಾಗಲ್ಲ. ಅದರಲ್ಲಿರುವ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ ಇದ್ದ ದಾರಿ ಒಂದು ಅಡ್ಡ ಮಳೆಗೆ ಸಾಬೂನು ಆಗುವುದು ಇದಕ್ಕೇ. ಮೇಲೆ ಎರಡು ಇಂಚು ಮಾತ್ರ ಹಸಿ, ಕೆಳಗೆ ಗಟ್ಟಿ ಇದ್ದರೂ ಗಾಡಿ ಜಾರುತ್ತದೆ, ಯಾಕೆಂದರೆ ಅಂಟು ಮಣ್ಣು ಟೈರಿನ ಗೀರುಗಳಲ್ಲಿ ತುಂಬಿಕೊಂಡು ಹೊಸ ಟೈರನ್ನೂ ಬೋಳು ಮಾಡುತ್ತದೆ.

ಇದರ ಮೇಲೆ ನಮ್ಮ ಗಾಡಿಗಳ ಗುಣ ಸೇರಿಸಿ. ಹೆಚ್ಚಿನವು ಹಿಂದಿನ ಗಾಲಿಯಿಂದ ನೂಕುವ ಗಾಡಿಗಳು. ಖಾಲಿ ಇದ್ದಾಗ ಹಿಂದೆ ಭಾರ ಇಲ್ಲ, ಹಿಡಿತವೂ ಇಲ್ಲ. ಒಂದು ಗಾಲಿ ರಾಡಿಯಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿ ಇದ್ದರೆ ತಿರುಗುವುದು ರಾಡಿಯಲ್ಲಿರುವ ಗಾಲಿ ಮಾತ್ರ, ಗಟ್ಟಿ ನೆಲದ್ದು ಸುಮ್ಮನೆ ನಿಂತಿರುತ್ತದೆ. ಆಗ ಎಕ್ಸಲೇಟರ್ ತುಳಿದಷ್ಟೂ ಗಾಲಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಅರ್ಧ ನಿಮಿಷ ತುಳಿದರೆ ಎಕ್ಸೆಲ್ ನಡುವಿನ ಕ್ರೌನ್ ಡಬ್ಬಿ ನೆಲಕ್ಕೆ ಕೂರುತ್ತದೆ. ಅಲ್ಲಿಗೆ ಐದು ನಿಮಿಷದ ಕೆಲಸ ಎರಡು ತಾಸಿನದಾಯಿತು.

ಮಾಲಿನ ಮೇಲೂ ಲೆಕ್ಕ ಬದಲಾಗುತ್ತದೆ. ಗೋವಿನಜೋಳ ತೂಕದ ಮಾಲು, ಗಾಡಿ ಹುಗಿಯುತ್ತದೆ. ಒಣ ಮೆಣಸಿನಕಾಯಿ ಹಗುರ, ಆದರೆ ಎತ್ತರದ ಲೋಡು, ಬದುವಿನ ಪಕ್ಕ ಓರೆ ನೆಲದಲ್ಲಿ ಗಾಡಿ ಪಲ್ಟಿ ಹೊಡೆಯುತ್ತದೆ. ಹುಗಿದ ಗಾಡಿಯನ್ನು ಎತ್ತಬಹುದು. ಅದಕ್ಕೇ ಮೆಣಸಿನಕಾಯಿ ಲೋಡಿಗೆ ಓರೆ ದಾರಿ ಬಿಟ್ಟು ಸುತ್ತು ಹಾಕಿ ಬಂದರೂ ಪರವಾಗಿಲ್ಲ ಅನ್ನುತ್ತೇನೆ.

ಕೈಗೆ ಮೊದಲು ಬರಬೇಕಾದ್ದು

ಗಾಲಿ ಸುಮ್ಮನೆ ತಿರುಗಿತು ಅಂತ ಅನ್ನಿಸಿದ ಕೂಡಲೇ ಕಾಲು ಎತ್ತಿ, ಇಳಿಯಿರಿ. ಸಲಿಕೆ ತೆಗೆಯಿರಿ. ಗಿಡ್ಡ ಹಿಡಿಕೆಯದು ಇಟ್ಟುಕೊಂಡರೆ ಗಾಡಿ ಕೆಳಗೆ ಆಡಿಸಲಿಕ್ಕೆ ಬರುತ್ತದೆ. ಉದ್ದ ಹಿಡಿಕೆಯ ಸಲಿಕೆ ಒಡ್ಡು ಕಟ್ಟಲು ಸರಿ, ಇಲ್ಲಿ ಚಾಸಿಗೆ ತಾಗುತ್ತದೆ. ತೋಡುವುದು ಎಲ್ಲಿ? ಬಹಳ ಜನ ಗಾಲಿಯ ಪಕ್ಕದ ಮಣ್ಣು ತೆಗೆಯುತ್ತಾರೆ, ಅದರಿಂದ ಲಾಭ ಕಡಿಮೆ. ಗಾಡಿ ಯಾವ ಕಡೆ ಹೋಗಬೇಕೋ ಆ ಕಡೆ, ಗಾಲಿಯ ಎದುರಿಗೆ ಇಳಿಜಾರಾಗಿ ಒಂದು ಮೊಳ ಉದ್ದ ತೋಡಿ. ಆಮೇಲೆ ಕ್ರೌನ್ ಡಬ್ಬಿ ಕೆಳಗಿನ ಮಣ್ಣು ಬಿಡಿಸಿ. ಎರೆ ಮಣ್ಣು ಹಿಡಿದು ಹೀರಿಕೊಂಡಿರುತ್ತದೆ, ಅಲ್ಲಿ ಗಾಳಿ ಆಡಿದರೆ ಅರ್ಧ ಕೆಲಸ ಆದ ಹಾಗೆ. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯುವುದು ಹೆಚ್ಚು ಸಲ ಸುಲಭ, ಆ ನೆಲವನ್ನು ಗಾಡಿ ಆಗಲೇ ತುಳಿದಿರುತ್ತದೆ. ಮುಂದೆ ಹೇಗಿದೆಯೋ ಯಾರಿಗೆ ಗೊತ್ತು.

ತೋಡಿದ ಇಳಿಜಾರಿಗೆ ಹಲಗೆ. ಆಫ್‌ರೋಡ್ ಅಂಗಡಿಗಳಲ್ಲಿ ಹಲ್ಲಿರುವ ಪ್ಲಾಸ್ಟಿಕ್ ಹಲಗೆ ಸಿಗುತ್ತವೆ, ಒಳ್ಳೆಯವೇ, ಆದರೆ ದುಬಾರಿ. ಮೂರು ಅಡಿ ಉದ್ದ, ಗಾಲಿಗಿಂತ ತುಸು ಅಗಲ, ಒಂದೂವರೆ ಇಂಚು ದಪ್ಪದ ಎರಡು ಕಟ್ಟಿಗೆ ಹಲಗೆ ನಮಗೆ ಸಾಕು. ಬಡಿಗೇರ ಅವರ ಹತ್ತಿರ ಹೇಳಿ ಮೇಲೆ ಅಡ್ಡ ಪಟ್ಟಿ ಹೊಡೆಸಿಕೊಳ್ಳಿ, ಮೊಳೆ ತಲೆ ಮೇಲೆ ಬಾರದ ಹಾಗೆ. ಹಲಗೆ ಸಾಲದಿದ್ದರೆ ಖಾಲಿ ಗೋಣಿಚೀಲ, ಗೋವಿನಜೋಳದ ದಂಟು. ಹತ್ತಿ ಕಟ್ಟಿಗೆ ಮಾತ್ರ ಹಾಕಬೇಡಿ. ಕೊಯ್ದ ಕಟ್ಟಿಗೆಯ ತುದಿ ಟೈರನ್ನೇ ಚುಚ್ಚುತ್ತದೆ, ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಗೊತ್ತಿದ್ದದ್ದೇ. ಇನ್ನೊಂದು ಮಾತು: ಗಾಲಿ ತಿರುಗುವಾಗ ಹಲಗೆಯ ಹಿಂದೆ ಯಾರೂ ನಿಲ್ಲಬಾರದು. ಗಾಲಿ ಅದನ್ನು ಹಿಂದಕ್ಕೆ ಒಗೆಯುತ್ತದೆ, ಮೊಣಕಾಲ ಚಿಪ್ಪಿನ ಮಟ್ಟಕ್ಕೆ.

ಮೂರನೆಯದು ಗಾಳಿ ಮೀಟರ್ ಮತ್ತು 12 ವೋಲ್ಟಿನ ಸಣ್ಣ ಪಂಪು. ಹಿಂದಿನ ಟೈರಿಗೆ 50–60 ಪಿಎಸ್‌ಐ ತುಂಬಿದ ಗಾಡಿ ನೆಲಕ್ಕೆ ಊರುವುದು ಅಂಗೈ ಅಗಲದಷ್ಟು. ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂರುತ್ತದೆ, ಹುಗಿಯುವುದು ಕಡಿಮೆ. ಆದರೆ ಇದಕ್ಕೆ ಮೂರು ಷರತ್ತು. ಲೋಡು ಇಳಿಸಿದ ಮೇಲೆ ಮಾತ್ರ. 30ರ ಆಸುಪಾಸಿಗಿಂತ ಕೆಳಗೆ ಬೇಡ. ಡಾಂಬರು ಮುಟ್ಟಿದ ಕೂಡಲೇ ವಾಪಸ್ ತುಂಬಬೇಕು, ಅದಕ್ಕೇ ಪಂಪು. ನಿಮ್ಮ ಗಾಡಿಯದ್ದು ಟ್ಯೂಬ್ ಇರುವ ಟೈರಾದರೆ ಇನ್ನೂ ಹುಷಾರಿ: ಗಾಳಿ ಕಡಿಮೆಯಾದಾಗ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತು ಹಾಕುತ್ತದೆ. ಟ್ಯೂಬ್ ಗಾಡಿಯವರಿಗೆ ನನ್ನ ಸಲಹೆ, ಗಾಳಿ ಮುಟ್ಟಬೇಡಿ, ಲೋಡು ಇಳಿಸಿ.

ಹೌದು, ಲೋಡು ಇಳಿಸುವುದು. ಅದಕ್ಕೆ ನಾಲ್ಕನೆಯ ಸಾಮಾನು, ತಾಡಪತ್ರಿ. “ಇಳಿಸಿ ಮತ್ತ ಹೇರೋದು ಯಾರು?” ಅಂತ ಹಮಾಲರು ಬೈಯುತ್ತಾರೆ, ಬೈಯಲಿ. ಇಪ್ಪತ್ತು ಚೀಲ ಕೆಳಗಿಟ್ಟರೆ ಅರ್ಧಕ್ಕರ್ಧ ಗಾಡಿಗಳು ಯಾರೂ ಎಳೆಯದೆ ಎದ್ದು ಬರುತ್ತವೆ. ಚೀಲ ಇಡಲಿಕ್ಕೆ ಕೆಳಗೊಂದು, ಮುಚ್ಚಲಿಕ್ಕೆ ಮೇಲೊಂದು ತಾಡಪತ್ರಿ ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಸಿಕ್ಕಿದ್ದು ಮನೆಯಲ್ಲಿ ಮಡಚಿ ಇಟ್ಟಿದ್ದರೆ ಅದರಲ್ಲೊಂದು ಗಾಡಿಗೆ ಹಾಕಿ. ಒಣಗಿಸಿದ ಬ್ಯಾಡಗಿ ಕಾಯಿ ಒಮ್ಮೆ ತೊಯ್ದರೆ ಬಣ್ಣ ಹೋಗುತ್ತದೆ, ಬೂಸ್ಟು ಬರುತ್ತದೆ, ಬೂಸ್ಟಿನ ಜೊತೆ ಅಫ್ಲಟಾಕ್ಸಿನ್ ಎಂಬ ವಿಷ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಕಾಯಿಯ ಹೆಸರು ನಿಂತಿರುವುದೇ ಬಣ್ಣದ ಮೇಲೆ.

ಈಗ ಹಗ್ಗ

ಇಷ್ಟಾದರೂ ಗಾಡಿ ಏಳದಿದ್ದರೆ ಟ್ರ್ಯಾಕ್ಟರ್ ಬರಲಿ. ಅದು ಬರುವಷ್ಟರಲ್ಲಿ ತೋಡಿ ಮುಗಿದಿದ್ದರೆ ಹಗ್ಗಕ್ಕೆ ಬೀಳುವ ಭಾರವೂ ಅರ್ಧ ಆಗಿರುತ್ತದೆ. ತೋಡದೇ ಎಳೆದಾಗಲೇ ಹಗ್ಗ ತುಂಡಾಗುವುದು, ಕೊಂಡಿ ಕಿತ್ತು ಬರುವುದು.

ಸರಪಳಿ ಕಡಿದರೆ ಅಷ್ಟು ದೂರ ಹಾರುವುದಿಲ್ಲ ಅಂತ ನಂಬಿದವರಿದ್ದಾರೆ. ಕಡಿದ ಸರಪಳಿಯ ಕೊಂಡಿಯಾಗಲಿ, ಕಿತ್ತ ಹುಕ್ಕಾಗಲಿ ಬಂದೂಕಿನ ಗುಂಡಿನ ಹಾಗೆ ಬರುತ್ತದೆ. ತಂತಿ ಹಗ್ಗ ಚಾಟಿಯ ಹಾಗೆ ಬೀಸುತ್ತದೆ. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿ ಶಕ್ತಿ ಕೂಡಿಸಿಕೊಂಡಿರುತ್ತದೆ, ತುದಿಯ ಕಬ್ಬಿಣವನ್ನು ಎಳೆದುಕೊಂಡೇ ವಾಪಸ್ ಬರುತ್ತದೆ. ಬಾವಿಯಿಂದ ಪಂಪ್ ಎತ್ತಿದ ಹಳೆಯ ಹಗ್ಗ, ಬಿಸಿಲಿಗೆ ಬೆಳ್ಳಗಾದ ಹಗ್ಗ ಈ ಕೆಲಸಕ್ಕೆ ಬೇಡ. ಅಗಲ ಪಟ್ಟಿಯ ಪಾಲಿಯೆಸ್ಟರ್ ಬೆಲ್ಟ್ ಕೊಳ್ಳಿ, ಅದರ ಮೇಲೆ ಎಷ್ಟು ಟನ್ ತಡೆಯುತ್ತದೆ ಅಂತ ಬರೆದಿರಬೇಕು. ಗಾಡಿಯ ಲೋಡ್ ಸಹಿತ ತೂಕ ಆರ್‌ಸಿಯಲ್ಲಿ ಇರುತ್ತದೆ. ಬೆಲ್ಟಿನ ತಡೆಯುವ ಶಕ್ತಿ ಅದರ ಎರಡು ಮೂರು ಪಟ್ಟು ಇರಲಿ. ಜೊತೆಗೆ ತೂಕದ ಅಂಕಿ ಒತ್ತಿದ ಎರಡು ಡಿ-ಶಾಕಲ್. ಬೆಲ್ಟಿಗೆ ಗಂಟು ಹಾಕಬಾರದು, ಗಂಟು ಹಾಕಿದರೆ ಶಕ್ತಿ ಕುಗ್ಗುತ್ತದೆ, ಆಮೇಲೆ ಬಿಚ್ಚಲಿಕ್ಕೂ ಬರುವುದಿಲ್ಲ.

ಕಟ್ಟುವುದು ಚಾಸಿಗೆ ಕೂಡಿದ ಟೋಯಿಂಗ್ ಹುಕ್ಕಿಗೆ. ಬಂಪರಿಗಲ್ಲ, ಲೋಡ್ ಹಗ್ಗ ಕಟ್ಟುವ ಬಾಡಿಯ ಕೊಂಡಿಗಳಿಗೂ ಅಲ್ಲ. ಆ ಕೊಂಡಿಗಳ ಬೆಸುಗೆ ಚೀಲ ಹಿಡಿಯಲಿಕ್ಕೆ ಮಾಡಿದ್ದು.

ಟ್ರ್ಯಾಕ್ಟರಿನ ಕಡೆ ಇದಕ್ಕಿಂತ ಮುಖ್ಯ ಮಾತಿದೆ. ಕೆಳಗಿನ ಡ್ರಾಬಾರಿಗೆ ಕಟ್ಟಬೇಕು. ಅವಸರದಲ್ಲಿ ಮೇಲೆ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದರೆ ಹಗ್ಗ ಬಿಗಿಯಾದಾಗ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಎರಡು ಸೆಕೆಂಡು ಕೂಡ ಬೇಡ, ಕ್ಲಚ್ ತುಳಿಯುವಷ್ಟರಲ್ಲಿ ಓಡಿಸುವವನು ಕೆಳಗೆ. ಸಹಾಯಕ್ಕೆ ಬಂದ ಕಾಕಾನ ಜೀವ ನಿಮ್ಮ ಹಗ್ಗದ ತುದಿಯಲ್ಲಿ ಇರುತ್ತದೆ. ಅವರು ಹಿರಿಯರು, ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರು, ಅವರಿಗೆ ಹೇಗೆ ಹೇಳುವುದು ಅಂತ ಸಂಕೋಚ ಬೇಡ. “ಕಾಕಾ, ತೆಳಗ ಕಟ್ಟೋಣ್ರಿ, ಮೇಲೆ ಬ್ಯಾಡ” ಅಂದರೆ ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೂ ಆಗಲಿ.

ಎಳೆಯುವುದು ಸಣ್ಣ ಗೇರಿನಲ್ಲಿ, ನಿಧಾನ, ಹಗ್ಗ ಮೊದಲು ಬಿಗಿ ಆದಮೇಲೆ. ಜೀಪಿನ ವೀಡಿಯೊಗಳಲ್ಲಿ ಓಡಿಬಂದು ಜಗ್ಗುತ್ತಾರಲ್ಲ, ಅದು ಹಿಗ್ಗಲೆಂದೇ ಮಾಡಿದ ಬೇರೆ ಜಾತಿಯ ಹಗ್ಗ, ಹಗುರ ಗಾಡಿ, ಗಟ್ಟಿ ಹುಕ್ಕು. ಕ್ರೌನ್ ಮಟ್ಟ ಹುಗಿದ ಲೋಡ್ ಪಿಕಪ್‌ಗೆ ಹಾಗೆ ಜಗ್ಗಿದರೆ ಏನಾದರೊಂದು ಕಿತ್ತು ಬರಲೇಬೇಕು. ಹಗ್ಗದ ನಡುವೆ ಹಸಿ ಗೋಣಿಚೀಲ ಹೊದಿಸಿ, ಕಡಿದರೂ ಹಗ್ಗ ನೆಲಕ್ಕೆ ಬೀಳಲಿಕ್ಕೆ ಅದು ಸಹಾಯ ಮಾಡುತ್ತದೆ. ಉಳಿದವರೆಲ್ಲ ಹಗ್ಗದ ಒಂದೂವರೆ ಪಟ್ಟು ದೂರ. ವೀಡಿಯೊ ತೆಗೆಯುವವನು ಕೂಡ, ಅವನೇ ಮೊದಲು.

ಲೋಡಿನ ಮೇಲೆ ಜನ

ಮೆಣಸಿನಕಾಯಿ ಬಿಡಿಸಲು ಬಂದ ಅಕ್ಕಂದಿರನ್ನು ಅದೇ ಗಾಡಿಯಲ್ಲಿ ಚೀಲದ ಮೇಲೆ ಕೂರಿಸಿಕೊಂಡು ಬರುವುದು, ಗಾಡಿ ಸಿಕ್ಕಿಕೊಂಡರೆ ಅವರನ್ನೇ ಇಳಿಸಿ ಹಿಂದಿನಿಂದ ನೂಕಿಸುವುದು ನಮ್ಮ ಕಡೆ ಮಾಮೂಲಿ. ಸರಕು ಗಾಡಿಯಲ್ಲಿ ಜನ ಒಯ್ಯುವುದು ಕಾನೂನಿಗೆ ವಿರುದ್ಧ, ಅದು ಎಲ್ಲರಿಗೂ ಗೊತ್ತು. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರದ ಬಳಿ ಉರುಳಿ, ಅದರಲ್ಲಿ ಮಾಲಿನ ಜೊತೆ ಹೊರಟಿದ್ದ ವ್ಯಾಪಾರಿಗಳು ಸತ್ತಿದ್ದು ನಮ್ಮ ಜಿಲ್ಲೆ ಮರೆಯುವ ಸುದ್ದಿಯಲ್ಲ. ಅದು ಡಾಂಬರು ರಸ್ತೆ. ಬದುವಿನ ಪಕ್ಕದ ಬಂಡಿ ದಾರಿಯಲ್ಲಿ ಎತ್ತರದ ಲೋಡಿನ ಮೇಲೆ ಕೂತವರಿಗೆ ಹಿಡಿಯಲಿಕ್ಕೆ ಏನೂ ಇರುವುದಿಲ್ಲ. ಡಾಂಬರಿನವರೆಗಾದರೂ ಅವರು ನಡೆದು ಬರಲಿ. ನೂಕುವುದಂತೂ ಬೇಡವೇ ಬೇಡ: ತಿರುಗುವ ಗಾಲಿಯಿಂದ ಕಲ್ಲು ಹಾರುತ್ತದೆ, ಗಾಡಿ ಹಿಂದಕ್ಕೆ ಜಾರಿದರೆ ರಾಡಿಯಲ್ಲಿ ಕಾಲು ಕೀಳಲಿಕ್ಕೂ ಆಗುವುದಿಲ್ಲ.

ಬೆಂಕಿ, ಕತ್ತಲೆ, ಫೋನು

ರಾಡಿಯ ಕಾಲ ಮುಗಿದ ಮೇಲೆ ಒಣ ಕಾಲದ ಅಪಾಯ ಬೇರೆ. ಕೆಲವು ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆ ಸೋಸುವ ಡಬ್ಬಿ ತನ್ನೊಳಗಿನ ಮಸಿ ಸುಟ್ಟುಕೊಳ್ಳುವಾಗ ಒಳಗೆ ಸುಮಾರು 600 ಡಿಗ್ರಿ ಬಿಸಿ ಆಗುತ್ತದೆ. ಆ ಹೊತ್ತಿಗೆ ಗಾಡಿ ಒಣ ಸೊಪ್ಪೆಯ ಮೇಲೆ ನಿಂತಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಕ್ಕಣೆಗೆ ರಸ್ತೆ ಮೇಲೆ ಹರಡಿದ ಹುರುಳಿ ಸೊಪ್ಪು ಗಾಡಿ ಕೆಳಗೆ ಸುತ್ತಿಕೊಂಡು ಹೊತ್ತಿಕೊಂಡ ಉದಾಹರಣೆಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟು. ಕಣದಲ್ಲಿ ಗಾಡಿ ನಿಲ್ಲಿಸುವ ಮೊದಲು ಕೆಳಗಿನ ಸೊಪ್ಪೆ ಸರಿಸಿ. ಒಣ ಪುಡಿಯ ಎಬಿಸಿ ಬೆಂಕಿ ಆರಿಸುವ ಸಿಲಿಂಡರ್ ಒಂದು ಇರಲಿ, ಚೀಲಗಳ ಕೆಳಗಲ್ಲ, ಡ್ರೈವರ್ ಕೈಗೆ ಸಿಗುವ ಕಡೆ. ಸುತ್ತಿಕೊಂಡದ್ದನ್ನು ಕೊಯ್ಯಲಿಕ್ಕೆ ಒಂದು ಕುಡಗೋಲು.

ತಲೆಗೆ ಕಟ್ಟುವ ಟಾರ್ಚ್ ಕೊಳ್ಳಿ, ಎರಡೂ ಕೈ ಖಾಲಿ ಇರುತ್ತವೆ. ಗಮ್‌ಬೂಟು ಹಾವಿಗಾಗಿ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ, ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆಗೆ. ಐದು ಲೀಟರ್ ಕುಡಿಯುವ ನೀರು, ಗಾಯಕ್ಕೆ ಕಟ್ಟುವ ಬಟ್ಟೆ ಇಷ್ಟು ಸಾಕು.

ಫೋನ್ ಚಾರ್ಜ್ ಇರಲಿ ಅಂತ ನಿಮಗೆ ಹೇಳುವುದು ಬೇಡ. ಆದರೆ 108ಕ್ಕೋ 112ಕ್ಕೋ ಕರೆ ಮಾಡಿದಾಗ “ಆ ಬೇವಿನ ಮರದ ಹತ್ರ” ಅಂದರೆ ಯಾರಿಗೂ ತಿಳಿಯುವುದಿಲ್ಲ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ದಾರಿ ಹಿಡಿಯುವ ಮೊದಲೇ ಅದರ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸಿಬಿಡಿ. ತಗ್ಗಿನ ಹೊಲಗಳಲ್ಲಿ ನೆಟ್‌ವರ್ಕ್ ಹೋದ ಮೇಲೆ ಆ್ಯಪ್ ಇದ್ದೂ ಪ್ರಯೋಜನ ಇಲ್ಲ.

ಗುರುವಾರದ ಅವಸರ

ಇಷ್ಟೆಲ್ಲ ಸಾಮಾನು ಹೇಳಿ ಇದನ್ನೂ ಹೇಳಬೇಕು. ಬ್ಯಾಡಗಿ ಮಾರುಕಟ್ಟೆ ಸೋಮವಾರ, ಗುರುವಾರ. ಭಾನುವಾರವೋ ಬುಧವಾರವೋ ಸಂಜೆ ಮಳೆ ಬಿತ್ತು ಅಂದರೆ ಮರುದಿನದ ಟೆಂಡರ್ ತಪ್ಪಬಾರದು ಅಂತ ರಾತ್ರಿಯೇ ಗಾಡಿ ಹೊಲಕ್ಕೆ ಇಳಿಯುತ್ತದೆ. ಸಾಲ ತೀರಿಸುವ ಗಡುವು ಇರುತ್ತದೆ, ದರ ಇಳಿಯುವ ಭಯ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಾಲ್ಕು ದಿನ ಬಿಟ್ಟರೆ ಇನ್ನೊಂದು ಮಾರುಕಟ್ಟೆ ದಿನ ಇದೆ. ಬರಲೇಬೇಕು ಅಂದರೆ ಪಿಕಪ್ ಡಾಂಬರಿನ ಮೇಲೆ ನಿಲ್ಲಲಿ, ಕಣದಿಂದ ಅಲ್ಲಿಯವರೆಗೆ ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರ್ ಟ್ರೇಲರಿನಲ್ಲೋ ಸ್ವಲ್ಪ ಸ್ವಲ್ಪ ಸಾಗಿಸಿ. ಕೂಲಿ ಹೆಚ್ಚು ಬೀಳುತ್ತದೆ, ಕ್ರೌನ್ ಒಡೆದರೆ ಬೀಳುವುದಕ್ಕಿಂತ ಕಡಿಮೆಯೇ. ಒಂದು ಪರೀಕ್ಷೆ ಹೇಳುತ್ತೇನೆ: ದಾರಿಯಲ್ಲಿ ಹತ್ತು ಹೆಜ್ಜೆ ನಡೆಯಿರಿ. ಚಪ್ಪಲಿಗೆ ಅಂಟಿದ ಮಣ್ಣು ಒದರಿದರೂ ಬೀಳದೆ ಹೆಜ್ಜೆ ಹೆಜ್ಜೆಗೂ ದಪ್ಪ ಆಗುತ್ತಿದ್ದರೆ ಗಾಡಿ ಇಳಿಸಬೇಡಿ.

ಜಾಕ್ ಮತ್ತು ಸ್ಟೆಪ್ನಿ ಬಗ್ಗೆ ಹೇಳುವುದು ಉಳಿಯಿತು. ಬಳ್ಳಾರಿ ಜಾಲಿಯ ಮುಳ್ಳಿಗೆ ಪಂಚರ್ ಆಗದ ಗಾಡಿ ನಮ್ಮ ಕಡೆ ಇಲ್ಲ. ಜಾಕ್ ಎಲ್ಲರ ಗಾಡಿಯಲ್ಲೂ ಇರುತ್ತದೆ, ಅದರ ಕೆಳಗೆ ಇಡುವ ಒಂದು ಅಡಿ ಚೌಕದ ದಪ್ಪ ಹಲಗೆ ಯಾರಲ್ಲೂ ಇರುವುದಿಲ್ಲ. ಎರೆಯಲ್ಲಿ ಬರೀ ಜಾಕ್ ಇಟ್ಟರೆ ಗಾಡಿ ಏಳುವುದಿಲ್ಲ, ಜಾಕ್ ಇಳಿಯುತ್ತದೆ. ಎದ್ದರೂ ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಉಳಿದ ಗಾಲಿಗಳಿಗೆ ಮುಂದೆ ಹಿಂದೆ ಕಟ್ಟಿಗೆ ತುಂಡು ಒಡ್ಡಿರಬೇಕು. ಇನ್ನು ಸ್ಟೆಪ್ನಿ. ಹೆಚ್ಚಿನ ಪಿಕಪ್‌ಗಳಲ್ಲಿ ಅದು ಹಿಂದೆ ಚಾಸಿ ಕೆಳಗೆ ತೂಗುತ್ತಿರುತ್ತದೆ. ಗಾಡಿ ಹುಗಿದರೆ ಸ್ಟೆಪ್ನಿಯೂ ಹುಗಿದಿರುತ್ತದೆ, ಅದನ್ನು ಹಿಡಿದ ನಟ್ಟು ತುಕ್ಕು ಹಿಡಿದು ಪಾನಾಗೆ ಮಣಿಯುವುದಿಲ್ಲ. ಆಯುಧ ಪೂಜೆಗೆ ಗಾಡಿ ತೊಳೆಯುವಾಗ ಒಮ್ಮೆ ಇಳಿಸಿ, ನಟ್ಟಿಗೆ ಗ್ರೀಸ್ ಹಚ್ಚಿ, ಗಾಳಿ ನೋಡಿ. ಸುಗ್ಗಿ ಮುಗಿಯುವವರೆಗೆ ಅದನ್ನು ಕೆಳಗೆ ತೂಗಹಾಕದೆ ಟ್ರೇಯಲ್ಲೇ ಮುಂದಿನ ಮೂಲೆಗೆ ಕಟ್ಟಿಬಿಡಿ. ಒಂದು ಚೀಲದ ಜಾಗ ಹೋಗುತ್ತದೆ, ಹೋಗಲಿ.